ಸರ್‌ಗೆ ಬರಬೇಕಿದ್ದ ಪ್ರಶಸ್ತಿ

ಅವರ ಎಡಗಣ್ಣು ಬಲಗಣ್ಣಿಗಿಂತ ಚಿಕ್ಕದಾಗಿ ಕಾಣುತ್ತಿತ್ತು. ಮೂವತ್ತು ವರ್ಷ ಜನರ ಸರ್ಟಿಫಿಕೇಟುಗಳನ್ನು ಟ್ಯೂಬ್‌ಲೈಟಿಗೆ ಎತ್ತಿಹಿಡಿದು, ಒಂದು ಕಣ್ಣು ಕಿರಿದು ಮಾಡಿ ಸೀಲು ನೋಡಿ ನೋಡಿ ಹಾಗಾಯಿತು ಎಂದು ನಾವು ಆಡಿಕೊಳ್ಳುತ್ತಿದ್ದೆವು. ಶಿವಮೊಗ್ಗದಲ್ಲಿ ಕೆಲಸ ಹುಡುಕುವವರು ಹೆಸರು ಬರೆಸುವ ಕಚೇರಿಯಲ್ಲಿ ಅವರು ಹಿರಿಯ ನೌಕರರು. ನಾನು ಪಕ್ಕದ ಕಂಪ್ಯೂಟರಿನ ಮುಂದೆ ಕೂರುವ ಗುತ್ತಿಗೆಯ ಹುಡುಗಿ. ಎಲ್ಲರಂತೆ ನಾನೂ ಅವರನ್ನು ಸರ್ ಎನ್ನುತ್ತಿದ್ದೆ.

ಸರ್ ಯಾರನ್ನೂ ನಂಬುತ್ತಿರಲಿಲ್ಲ. ಗೋಡೆ ಗಡಿಯಾರ ನಂಬದೆ ಕೈಗಡಿಯಾರ ನೋಡುವರು, ಅದನ್ನೂ ನಂಬದೆ ಮೊಬೈಲ್ ತೆಗೆಯುವರು. ಯಾವುದಾದರೂ ಕಂಪನಿ ‘ಊಟ, ವಸತಿ ಉಚಿತ’ ಎಂದು ಬರೆದು ಕಳಿಸಿದರೆ ತಾವೇ ಅಭ್ಯರ್ಥಿಯಂತೆ ದನಿ ಬದಲಿಸಿ ಫೋನು ಮಾಡುತ್ತಿದ್ದರು. “ಅಣ್ಣಾ, ರೂಮಿಗೆ ಎಷ್ಟು ಜನ? ಬಾತ್‌ರೂಮಿಗೆ ಬಾಗ್ಲಾದ್ರೂ ಇದ್ಯಾ?” ನಾವು ಬಾಯಿಗೆ ಕರ್ಚೀಫು ಒತ್ತಿಕೊಂಡು ನಗುತ್ತಿದ್ದೆವು. ಉತ್ತರ ಸರಿಹೋಗದಿದ್ದರೆ ಆ ಕಂಪನಿಗೆ ಒಬ್ಬರನ್ನೂ ಕಳಿಸುತ್ತಿರಲಿಲ್ಲ.

ನನ್ನ ನಗು ನಿಂತದ್ದು ನನ್ನ ತಮ್ಮ ಭದ್ರಾವತಿಯಿಂದ ಬಂದ ದಿನ. ಮಾಚೇನಹಳ್ಳಿಯ ಒಂದು ಕಾರ್ಖಾನೆಗೆ ಕಬ್ಬಿಣ ಕಡೆಯುವ ಲೇತ್ ಮೆಷಿನ್ ನಡೆಸುವವರು ಬೇಕಾಗಿದ್ದರು. ಇವನ ಕೈಯಲ್ಲಿ ಎರಡು ವರ್ಷದ ಅನುಭವ ಪತ್ರ. ಸರ್ ಅದನ್ನು ದೀಪಕ್ಕೆ ಹಿಡಿದು ಇಳಿಸಿದರು.

“ಲೇತ್ ಆನ್ ಮಾಡೋ ಮುಂಚೆ ಚಕ್ಕು ಬಿಗಿಯೋ ಕೀ ಎಲ್ಲಿರ್ಬೇಕು?”

“ಚಕ್ಕಲ್ಲೇ ಸರ್.”

“ಅಲ್ಲೇ ಬಿಟ್ರೆ ಚಕ್ಕು ತಿರುಗ್ತಿದ್ದಂಗೆ ಕೀ ಹಾರ್ಬಂದು ನಿನ್ ಹಣೆ ಒಡೆಯುತ್ತೆ ಮಾರಾಯ! ಮೊದ್ಲು ಐಟಿಐಗೆ ಹೋಗಿ ಕಲ್ತ್ಕೊಂಡ್ ಬಾ.”

ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಆ ಪತ್ರ ಸುಳ್ಳೆಂದು ನನಗೆ ಗೊತ್ತಿತ್ತು. ಪರಿಚಯದವರೊಬ್ಬರಿಂದ ಬರೆಸಿಕೊಟ್ಟವಳೇ ನಾನು. ಆದರೂ ತಮ್ಮ ತಲೆ ತಗ್ಗಿಸಿ ಹೋದದ್ದು ನೋಡಿ ನನಗೆ ಸರ್ ಮೇಲೆ ಸಿಟ್ಟು ಬಂತು. ಅದೇ ವಾರ, ಜನರಿಗೆ ಕೆಲಸ ಕೊಡಿಸುವುದರಲ್ಲಿ ಉತ್ತಮ ಸೇವೆ ಸಲ್ಲಿಸಿದವರಿಗೆ ಕೊಡುವ ಪ್ರಶಸ್ತಿಗೆ ಸರ್ ಹೆಸರು ಹೋಯಿತು. ಶಿಫಾರಸು ಪತ್ರವನ್ನು ಟೈಪು ಮಾಡಿದವಳು ನಾನೇ. ‘ಪ್ರಾಮಾಣಿಕ’ ಎಂಬ ಪದ ಬಂದಾಗ ಕೈ ನಿಂತಿತು.

ಏಕೆಂದರೆ ನನಗೂ ಒಂದು ಅನುಮಾನವಿತ್ತು. ಸರ್ ಮನೆ ಶಿವಮೊಗ್ಗದಲ್ಲೇ. ಹಾಗಿದ್ದೂ ಪ್ರತಿ ಗುರುವಾರ ಸಂಜೆ ನಾನು ಮನೆಗೆ ಹೋಗಲು ಹತ್ತುವ ಭದ್ರಾವತಿ ಬಸ್ಸನ್ನೇ ಹತ್ತಿ, ಖಾಲಿ ಹಸಿರು ಬ್ಯಾಗು ಹಿಡಿದು ಮಾಚೇನಹಳ್ಳಿಯಲ್ಲಿ ಇಳಿಯುತ್ತಿದ್ದರು. ಒಮ್ಮೆ ನೆಂಟರ ಮನೆಗೆಂದು ನಾನೂ ಅಲ್ಲಿ ಇಳಿದು, ಹೊರಟು ಬರುವಾಗ ನೋಡಿದೆ: ಎದುರುಗಡೆ ಶಿವಮೊಗ್ಗದ ಬಸ್ಸಿಗೆ ನಿಂತಿದ್ದ ಸರ್ ಕೈಯಲ್ಲಿ ಬ್ಯಾಗು ಉಬ್ಬಿತ್ತು. ಕಾರ್ಖಾನೆಗಳಿಗೆ ಆಳು ಕಳಿಸುವ ಇವರು ಅಲ್ಲಿಂದ ಇನ್ನೇನು ತರುತ್ತಾರೆ? ಸೀಲು ನೋಡುವುದು ಹೊರಗಿನವರಿಗೆ ತೋರಿಸಲು, ಒಳಗೊಳಗೆ ಲಂಚದ ಮಾಮೂಲು ಎಂದುಕೊಂಡೆ.

ಮೂಕರ್ಜಿ ಬರೆದೆ. ಸಹಿಯಿಲ್ಲದ ದೂರಿಗೆ ಕಚೇರಿಗಳಲ್ಲಿ ಹಾಗೆನ್ನುತ್ತಾರೆ. ಗುರುವಾರ, ಮಾಚೇನಹಳ್ಳಿ, ಹಸಿರು ಬ್ಯಾಗು, ಎಲ್ಲ ಬರೆದು ಅಂಚೆಗೆ ಹಾಕಿದೆ.

ವಿಚಾರಣೆಗೆ ಅಧಿಕಾರಿಯೊಬ್ಬರು ಬಂದರು. “ಬ್ಯಾಗಲ್ಲೇನಿತ್ತು?” ಎಂದು ಎಷ್ಟು ಕೇಳಿದರೂ ಸರ್, “ನನ್ನ ಸ್ವಂತ ಕೆಲಸ” ಎಂದಷ್ಟೇ ಹೇಳಿದರು. ವಿಚಾರಣೆ ಮುಗಿಯದವರಿಗೆ ಪ್ರಶಸ್ತಿ ಕೊಡುವಂತಿಲ್ಲ. ಅದು ಬೇರೆ ಜಿಲ್ಲೆಯವರ ಪಾಲಾಯಿತು. ನನಗೆ ಆ ದಿನ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ.

ಮುಂದಿನ ಗುರುವಾರ ಬಸ್ಸಿನಲ್ಲಿ ಸರ್ ಬಂದು ನನ್ನ ಪಕ್ಕ ಕೂತರು. ಮಾಚೇನಹಳ್ಳಿ ಬಂದಾಗ, “ಇಳಿ ಮಾರಾಯ್ತಿ, ಇವತ್ತು ನೀನೂ ಬಾ” ಎಂದರು. ಅವರ ಹಿಂದೆಯೇ ಇಳಿದೆ. ವರ್ಕ್‌ಶಾಪುಗಳ ಹಿಂದೆ ಒಬ್ಬ ಲೇಬರ್ ಕಂಟ್ರಾಕ್ಟರನ ಸಣ್ಣ ರೂಮು. ಅವನ ಜೊತೆ ಅರ್ಧ ಗಂಟೆ ಮಾತಿನಲ್ಲಿ ಗುದ್ದಾಡಿ ಸರ್ ಒಂದು ಕಟ್ಟು ಕಾಗದ ಪಡೆದು ನನ್ನ ಕೈಗಿಟ್ಟರು. ಎಲ್ಲವೂ ಅವನ ಬಳಿ ಕೆಲಸಕ್ಕಿದ್ದ ಹುಡುಗರ ಅಸಲಿ ಮಾರ್ಕ್ಸ್ ಕಾರ್ಡುಗಳು. ಕೆಲಸ ಬಿಟ್ಟು ಹೋಗದಿರಲಿ ಎಂದು ಕಂಟ್ರಾಕ್ಟರ್ ಅವನ್ನು ಇಸಿದುಕೊಂಡು ಬೀರುವಿಗೆ ಹಾಕಿಟ್ಟಿದ್ದ. ಕಾರ್ಡಿಲ್ಲದೆ ಆ ಹುಡುಗರು ಬೇರೆ ಕಡೆ ಅರ್ಜಿ ಹಾಕುವಂತಿರಲಿಲ್ಲ.

ಬಸ್‌ಸ್ಟಾಪಿಗೆ ಬಂದ ಮೇಲೆ ಕೇಳಿದೆ: “ವಿಚಾರಣೇಲಿ ಇದನ್ನೇ ಹೇಳ್ಬಹುದಿತ್ತಲ್ಲ ಸರ್?”

“ಹೇಳಿದ್ರೆ ಅವನು ಹೆದರ್ಕೊಂಡು ಉಳಿದಿದ್ದೆಲ್ಲ ಸುಟ್ಹಾಕ್ತಾನೆ. ಇನ್ನೂ ಹನ್ನೊಂದು ಜನರದ್ದು ಇದೆ ಅವನ್ ಬೀರುಲಿ. ನಂಗೆ ಫಲಕ ಬಂದು ಏನಾಗ್ಬೇಕು?” ಕಟ್ಟನ್ನು ಬ್ಯಾಗಿಗೆ ತುಂಬುತ್ತಾ ನನ್ನ ಮುಖ ನೋಡದೆಯೇ ಅಂದರು: “ಅರ್ಜೀಲಿ ಬ್ಯಾಗಿನ ಬಣ್ಣ ಬರ್ದಿದ್ರು. ನಮ್ ಆಫೀಸಿಂದ ಈ ಬಸ್ಸಿಗೆ ಬರೋರು ನಾವಿಬ್ರೇ.”

“ಸರ್, ಅದು...”

“ನಿನ್ ಬಸ್ ಬಂತು, ಹತ್ತು.”

ಅಷ್ಟೇ. ಆ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಕಚೇರಿಯಲ್ಲಿ ಎಂದಿನಂತೆ ನನ್ನ ಟೈಪಿಂಗಿನ ತಪ್ಪು ಹುಡುಕುತ್ತಿದ್ದರು. ಮೂಕರ್ಜಿ ಬರೆದವರಾರೆಂದು ಉಳಿದವರು ಪಿಸುಗುಟ್ಟಿದಾಗ, “ಯಾರೋ ಹೊರಗಿನೋರು ಬಿಡ್ರೀ” ಎಂದು ಮಾತು ತೇಲಿಸಿದರು. ನಾನು ಒಪ್ಪಿಕೊಂಡು ಅವರ ಹೆಸರು ಉಳಿಸಬಹುದಿತ್ತು. ಗುತ್ತಿಗೆ ಹೋದೀತೆಂದು ಹೆದರಿದೆ. ಅವರು ಹಾಗೆಯೇ, ಮೈಮೇಲೆ ಒಂದು ವಿಚಾರಣೆ ಹೊತ್ತುಕೊಂಡೇ ನಿವೃತ್ತರಾದರು.

ಹೋದ ವರ್ಷ ಅವರು ತೀರಿಕೊಂಡರು. ಹನ್ನೆರಡು ದಿನ ಕಳೆದ ಮೇಲೆ ಮನೆಗೆ ಹೋದೆ. ಅವರ ಹೆಂಡತಿ ಕಾಫಿ ತಂದಿಟ್ಟರು. ಲೋಟ ಮುಟ್ಟಲಾಗಲಿಲ್ಲ.

“ಅಮ್ಮಾ, ಆ ಅರ್ಜಿ ಬರ್ದೋಳು ನಾನೇ.”

ಅವರು ಸೆರಗಿನಿಂದ ಕೈ ಒರೆಸಿಕೊಂಡು ಎದುರಿಗೆ ಕೂತರು.

“ಗೊತ್ತಮ್ಮ, ಅವತ್ತೇ ಹೇಳಿದ್ರು. ಅಷ್ಟು ಜನರೆದುರಿಗೆ ನಿನ್ ತಮ್ಮನ್ನ ಹಾಗನ್ನಬಾರ್ದಿತ್ತು ಅಂತ ಕಡೇವರೆಗೂ ಪೇಚಾಡ್ತಿದ್ರು. ಅವನಿಗೆ ಎಲ್ಲಾದ್ರೂ ಕೆಲ್ಸ ಆಯ್ತಾ?”