ಮಹಾನಂದಾ ಕೇಳಿದ ಪ್ರಶ್ನೆ

ಬಿಳಿಜೋಳದ ರೊಟ್ಟಿ ಹಂಚಿನ ಮೇಲೆ ಉಬ್ಬಿ, ಒಂದು ಬದಿಗೆ ಸಣ್ಣಗೆ ಬಾಯಿ ಬಿಟ್ಟು, ಉಸ್ಸೆಂದು ಹಬೆ ಬಿಡುತ್ತದಲ್ಲ, ಆ ಹಬೆಯ ವಾಸನೆ ಬಂದರೆ ಸಾಕು, ನಾನು ಉದಗೀರದ ಈ ಅಡುಗೆಮನೆಯಲ್ಲಿ ಇರುವುದಿಲ್ಲ. ಉಮರಗಾದ ನಮ್ಮ ಹಳೆಯ ಮನೆಯ ಒಲೆಯ ಮುಂದೆ ಇರುತ್ತೇನೆ. ಅವ್ವ ರೊಟ್ಟಿ ಬಡಿಯುತ್ತಿದ್ದಾಳೆ. ಅಪ್ಪ ಶಾಲೆಯಿಂದ ಬಂದು, ಅಂಗಿ ಗೂಟಕ್ಕೆ ಸಿಕ್ಕಿಸಿ, ಬನಿಯನ್ನಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ನನ್ನ ಹೆಗಲ ಮೇಲೆ ಕೈ ಇಟ್ಟಿದ್ದಾನೆ. "ನೋಡ, ನೋಡ, ಒಳಗಿನ ನೀರು ಹಬಿ ಆಗಿ ಹೊರಗ ಬರ್ಲಾಕ ದಾರಿ ಹುಡಕಲಕತ್ತದ. ದಾರಿ ಸಿಗವಲ್ದು ಅಂತ ರೊಟ್ಟೀನೇ ಎತ್ತಲಕತ್ತದ!" ಎನ್ನುತ್ತಾನೆ. ಅವ್ವ ನಗುತ್ತಾಳೆ, "ರೊಟ್ಟಿ ತಿನ್ನೋದು ಬಿಟ್ಟು ಅದಕ್ಕ ಪಾಠ ಹೇಳಲಕತ್ತಾರ ನೋಡ" ಎಂದು. ಕರಿಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಮಾಳಿಗೆಗೆ ಹತ್ತಲು ಒಂದು ಅಲ್ಲಾಡುವ ನಿಚ್ಚಣಿಕೆ. ಆ ಮನೆ ಈಗ ಇಲ್ಲ. ಅಲ್ಲಿ ಮೊಬೈಲ್ ಅಂಗಡಿ ಇದೆ, ಅದರ ಮೇಲೆ ಒಂದು ಟ್ಯೂಷನ್ ಕ್ಲಾಸಿನ ಬೋರ್ಡೂ ಇದೆ.

ಮನೆಗೆ ಮಾರಿ, ಊರಿಗೆ ಉಪಕಾರಿ ಎನ್ನುತ್ತಾರೆ. ನಮ್ಮಪ್ಪ ಇದರ ಉಲ್ಟಾ. ಅವನು ಮಹಾರಾಷ್ಟ್ರದ ಆ ಊರಿನ ನಮ್ಮ ಮರಾಠಿ ಶಾಲೆಯಲ್ಲಿ ವಿಜ್ಞಾನದ ಮಾಸ್ತರ. ಮನೆಯ ಹೊಸ್ತಿಲು ದಾಟಿ ಶಾಲೆಯ ಗೇಟು ಮುಟ್ಟುವಷ್ಟರಲ್ಲಿ ನನ್ನಪ್ಪ ಎಲ್ಲಿಯೋ ಕಳೆದುಹೋಗಿ, ಅವನ ಅಂಗಿಯೊಳಗೆ ಬೇರೊಬ್ಬ ಮನುಷ್ಯ ಬಂದು ನಿಲ್ಲುತ್ತಿದ್ದ. ಆ ಮನುಷ್ಯನನ್ನು ನಾನೂ ಸರ್ ಎಂದೇ ಕರೆಯಬೇಕಿತ್ತು. ಸರ್ ತರಗತಿಗೆ ಬಂದರೆ ಫ್ಯಾನಿನ ಕಿರಕಿರ ಕೂಡ ದೊಡ್ಡದಾಗಿ ಕೇಳುತ್ತಿತ್ತು. ಮರಾಠಿ ಗೈಡು ತೆಗೆದು ಉತ್ತರ ಓದುತ್ತಿದ್ದರು, ನಾವು ಬರೆದುಕೊಳ್ಳುತ್ತಿದ್ದೆವು. ಮರುದಿನ ಅದನ್ನು ಅಕ್ಷರ ಬಿಡದೆ ಒಪ್ಪಿಸಬೇಕು. ಯಾರಾದರೂ ತಮ್ಮ ಮಾತಿನಲ್ಲಿ ಹೇಳಿದರೆ, ಹೇಳಿದ್ದು ಸರಿಯಿದ್ದರೂ, ಬೆಂಚಿನ ಮೇಲೆ ನಿಲ್ಲುವುದೇ. "ಛಡಿ ಲಾಗೇ ಛಮ್ ಛಮ್, ವಿದ್ಯಾ ಯೇಯೀ ಘಮ್ ಘಮ್" ಎಂಬ ಮಾತನ್ನು, ಬೆತ್ತ ಬಿದ್ದರೇ ವಿದ್ಯೆ ಹತ್ತುತ್ತದೆ ಎಂದು, ಅವರು ಮೇಜಿನ ಮೇಲೆ ಬೆತ್ತ ಬಡಿಯುತ್ತಲೇ ಹೇಳುತ್ತಿದ್ದರು. ಗಾಜಿನ ನಳಿಗೆಗಳು, ಅಯಸ್ಕಾಂತ, ಭೂತಗನ್ನಡಿ ಎಲ್ಲ ಗೋಡೆಯ ಕಪಾಟಿನಲ್ಲಿ ಬೀಗದೊಳಗಿದ್ದವು. ನಾವು ವಿಜ್ಞಾನವನ್ನು ಗಾಜಿನ ಆಚೆಯಿಂದ ನೋಡಿದ ಮಕ್ಕಳು, ಮಿಠಾಯಿ ಅಂಗಡಿ ನೋಡಿದ ಹಾಗೆ. ಬಿಡುವಿನಲ್ಲಿ ನಾನು ಹತ್ತಿರ ಹೋದರೆ ಹುಡುಗಿಯರು "ಸರಾಂಚೀ ಮುಲಗೀ ಆಲೀ" ಎಂದು ಪಿಸುಗುಟ್ಟಿ ಸುಮ್ಮನಾಗುತ್ತಿದ್ದರು. ಸರ್ ಮಗಳು ಬಂದಳು ಎಂದು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು.

ಮಹಾನಂದಾ ನಮ್ಮ ಓಣಿಯವಳೇ. ಅವಳ ಅಪ್ಪನದು ಬಟ್ಟೆ ಅಂಗಡಿ. ನಮ್ಮ ಹಾಗೆ ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮತ್ತು ಶಾಲೆಯಲ್ಲಿ ಮರಾಠಿ. ಅವಳಿಗೆ ಎಲ್ಲದಕ್ಕೂ ಯಾಕೆ ಎನ್ನುವ ಚಾಳಿ. ಇರುವೆ ಸಾಲು ಯಾಕೆ ಹಿಡಿಯುತ್ತದೆ, ತೊಗರಿ ಹೂವು ಯಾಕೆ ಹಳದಿ, ಹೀಗೆ. ಹತ್ತನೇ ಇಯತ್ತೆ ಮುಗಿಸಿ ಉದಗೀರದ ಕಾಲೇಜಿಗೆ ಹೋಗುತ್ತೇನೆ, ಸೈನ್ಸೇ ತೊಗೊಳ್ಳುತ್ತೇನೆ ಎಂದು ಎಂಟನೇ ಇಯತ್ತೆಯಲ್ಲೇ ಸಾರಿಬಿಟ್ಟಿದ್ದಳು. ಒಂದು ದಿನ ಸರ್ ನೀರು ಕುದಿದು ಹಬೆಯಾಗುವ ಪಾಠ ಬರೆಸುತ್ತಿದ್ದರು. ಮಹಾನಂದಾ ಎದ್ದು ನಿಂತಳು. ಸರ್, ಹಗ್ಗದ ಮೇಲೆ ಹಾಕಿದ ಒದ್ದೆ ಸೀರೆ ಕುದಿಯುವುದೇ ಇಲ್ಲವಲ್ಲ, ಹಾಗಾದರೆ ಅದರ ನೀರು ಹೇಗೆ ಹೋಗುತ್ತದೆ, ಎಂದು ಕೇಳಿದಳು. ಸರ್ ತಲೆ ಎತ್ತಲಿಲ್ಲ. ಕೇಳಿಸಲಿಲ್ಲವೇನೋ ಎಂದು ಪಾಪದ ಹುಡುಗಿ ಇನ್ನಷ್ಟು ಗಟ್ಟಿಯಾಗಿ ಮತ್ತೊಮ್ಮೆ ಕೇಳಿದಳು. "ಪುಸ್ತಕಾತ ಆಹೇ ಕಾ?" ಎಂದರು ಸರ್. ಪುಸ್ತಕದಲ್ಲಿ ಇದೆಯೇ? ಇಲ್ಲ ಎಂದಳು. ಕೈ ಚಾಚು ಎಂದರು. ಬೆತ್ತ ಬಿದ್ದ ಸದ್ದು ಕೇಳಿ ನಾನು ಪುಸ್ತಕದಲ್ಲಿ ಮುಖ ಹುದುಗಿಸಿದೆ. ಇಡೀ ತರಗತಿ ಅವಳನ್ನು ಬಿಟ್ಟು ನನ್ನನ್ನೇ ನೋಡುತ್ತಿದೆ ಎಂದು ನನಗೆ ಅನ್ನಿಸಿತ್ತು.

ಅಂದು ಮನೆಗೆ ಬಂದವನೇ ಅಪ್ಪ ಚಹಾ ಕೂಡ ಕುಡಿಯದೆ ನನ್ನನ್ನು ಮಾಳಿಗೆಗೆ ಹತ್ತಿಸಿದ. ಎರಡು ತಾಟಿಗೆ ಒಂದೇ ಲೋಟದಿಂದ ನೀರು ಅಳೆದು ಹಾಕಿದ. ಒಂದನ್ನು ಗಾಳಿಗೆ ಇಟ್ಟ, ಇನ್ನೊಂದನ್ನು ಪಾತ್ರೆ ಕವುಚಿ ಮುಚ್ಚಿದ. ಮರುದಿನ ಸಂಜೆಗೆ ಗಾಳಿಗಿಟ್ಟ ತಾಟಿನ ನೀರು ಇಳಿದು ಅಂಚಿನಲ್ಲಿ ಬಿಳಿ ಗೆರೆ ಮೂಡಿತ್ತು, ಮುಚ್ಚಿಟ್ಟ ತಾಟಿನದು ಹಾಗೇ ಇತ್ತು. ಅಪ್ಪನ ಮುಖ ಹಬ್ಬದ ದಿನದ್ದು. "ಕುದಿಯೋದು ಬ್ಯಾರೆ, ಆರೋದು ಬ್ಯಾರೆ. ನೀರಿನ ಮೈಮ್ಯಾಲಿನ ಕಣ ಒಂದೊಂದೇ ಜಿಗದು ಗಾಳ್ಯಾಗ ಹೋಗ್ತಾವ. ಅವು ಕುದಿಯೋತನ ಕಾಯಂಗಿಲ್ಲ, ತಿಳೀತಾ? ಆ ಮಹಾನಂದಾ ಎಷ್ಟ ಚಲೋ ಕೇಳ್ಯಾಳ ನೋಡ! ಇಷ್ಟ ವರ್ಷದಾಗ ಹಿಂತಾದ್ದು ಯಾರೂ ಕೇಳಿಲ್ಲ."

"ಹಂಗಾರ ಆಕೀಗಿ ಯಾಕ ಹೊಡದಿ ಅಪ್ಪಾ?" ಎಂದೆ.

ಅವನು ತಾಟನ್ನು ಸ್ವಲ್ಪ ಓರೆ ಮಾಡಿ ನೀರನ್ನೇ ನೋಡಿದ. "ನೀ ಸಣ್ಣಾಕಿ, ತಿಳಿಯಂಗಿಲ್ಲ ನಿನಗ" ಎಂದ. ಕಾರಣ ಹೇಳಿದ್ದು ಅವ್ವ, ಅದೂ ಬಹಳ ವರ್ಷಗಳ ಮೇಲೆ. ಅಪ್ಪ ಆಳಂದದ ಕಡೆಯವನು, ಕನ್ನಡ ಶಾಲೆಯಲ್ಲಿ ಕಲಿತವನು. ನೌಕರಿಗೆಂದು ಮರಾಠಿ ಕಲಿತು ನಿಲಂಗಾದ ಕಡೆಯ ಒಂದು ಶಾಲೆಗೆ ಸೇರಿದ ಹೊಸತರಲ್ಲಿ, ಯಾವನೋ ಹುಡುಗ ಪ್ರಶ್ನೆ ಕೇಳಿದನಂತೆ. ಅಪ್ಪ ಹುರುಪಿನಿಂದ ವಿವರಿಸಲು ಹೋಗಿ ಅರ್ಧಕ್ಕೆ ಕನ್ನಡಕ್ಕೆ ಜಾರಿದನಂತೆ. ಹುಡುಗರು ಬಿದ್ದು ಬಿದ್ದು ನಕ್ಕರಂತೆ. ಬಾಗಿಲಲ್ಲಿ ನಿಂತಿದ್ದ ಮುಖ್ಯಾಧ್ಯಾಪಕರೂ ನಕ್ಕರಂತೆ. "ಅಂದಿನಿಂದ ಗೈಡಿನ್ಯಾಗ ಇಲ್ಲದ ಒಂದ ಮಾತು ಕ್ಲಾಸಿನ್ಯಾಗ ಆಡಿಲ್ಲವ್ವ ಅವರು. ಬೆತ್ತ ಹಿಡದ್ರ ಯಾರೂ ನಗಂಗಿಲ್ಲಲ್ಲ" ಎಂದಳು ಅವ್ವ. ನನಗೆ ಅಪ್ಪನ ಮೇಲೆ ಮರುಕ ಬಂತು. ಆದರೆ ಮಹಾನಂದಾಳ ಅಂಗೈ ನೆನಪಾದಾಗ ಆ ಮರುಕಕ್ಕೂ ನಾಚಿಕೆಯಾಯಿತು.

ಯಾಕೆಂದರೆ, ನೀರು ಇಳಿದ ಅದೇ ಸಂಜೆ ಮಹಾನಂದಾ ನಮ್ಮ ಮನೆಗೆ ಬಂದಿದ್ದಳು. ಅವಳ ಅಪ್ಪ ಕರೆದುಕೊಂಡು ಬಂದಿದ್ದರು. ಮಗಳ ಕೈ ಬಾತಿದ್ದಕ್ಕೆ ಜಗಳ ತೆಗೆಯಲು ಬಂದರೇನೋ ಎಂದು ಅವ್ವ ಗಾಬರಿಯಾದಳು. ಅಲ್ಲ. ಹಣೆಗೆ ವಿಭೂತಿ ಧರಿಸಿ, ಟೋಪಿ ಹಾಕಿಕೊಂಡು, ತೆಂಗಿನಕಾಯಿ ಸಕ್ಕರೆ ಹಿಡಿದುಕೊಂಡು ಕ್ಷಮೆ ಕೇಳಲು ಬಂದಿದ್ದರು. ಅವರ ಮನೆತನದಲ್ಲಿ ಗುರು ಎಂದರೆ ಮುಗಿಯಿತು. ಮಠದ ಸ್ವಾಮಿಗಳಾದರೂ ಅಷ್ಟೇ, ವಿಜ್ಞಾನದ ಮಾಸ್ತರನಾದರೂ ಅಷ್ಟೇ. ಹೊಡೆಸಿಕೊಂಡವರದೇ ತಪ್ಪು. "ಗುರುಗಳ ಮನಸು ನೋಯಿಸ್ಯಾಳರಿ. ಎದುರು ಮಾತಾಡ್ಯಾಳಂತ. ಹೊಟ್ಟ್ಯಾಗ ಹಾಕ್ಕೋರಿ ಸರ್. ಬೀಳ, ಕಾಲ ಬೀಳ" ಎಂದು ಮಗಳ ಬೆನ್ನು ತಳ್ಳಿದರು. ಅವಳು ಬಾತ ಕೈಯಿಂದಲೇ ಅಪ್ಪನ ಪಾದ ಮುಟ್ಟಿದಳು. ಅವಳ ಪ್ರಶ್ನೆಯ ಉತ್ತರ ನಮ್ಮ ಮಾಳಿಗೆಯ ಮೇಲೆ ಎರಡು ತಾಟುಗಳಲ್ಲಿ ಕೂತಿತ್ತು. ನಿಚ್ಚಣಿಕೆ ಅಲ್ಲೇ ಇತ್ತು. ಅಪ್ಪ ಒಮ್ಮೆ ಮೇಲೆ ನೋಡಿದ. ಈಗ ಹೇಳುತ್ತಾನೆ, ಈಗ ಕರೆದೊಯ್ಯುತ್ತಾನೆ ಎಂದು ನಾನು ಕಾದೆ. ಅಪ್ಪ ಹೆಗಲ ಮೇಲಿನ ಟವೆಲ್ಲು ಸರಿಪಡಿಸಿಕೊಂಡ. ನನ್ನ ಕಣ್ಣೆದುರೇ, ನಮ್ಮ ಪಡಸಾಲೆಯಲ್ಲೇ, ಬನಿಯನ್ನಿನಲ್ಲೇ ಅವನು ಸರ್ ಆಗಿಬಿಟ್ಟ. "ಇನ್ನ ಮ್ಯಾಲ ನೆಟ್ಟಗಿರು" ಎಂದು ತೆಂಗಿನಕಾಯಿ ಇಸಿದುಕೊಂಡ. ಮರುದಿನ ಅವ್ವ ಅದರ ಚಟ್ನಿ ಮಾಡಿದಳು. ನಾನು ಬರೀ ರೊಟ್ಟಿ ತಿಂದು ಎದ್ದೆ.

ಮಹಾನಂದಾ ಮತ್ತೆ ಎದ್ದು ನಿಲ್ಲಲಿಲ್ಲ. ಇರುವೆಯ ಬಗ್ಗೆ ನನ್ನ ಹತ್ತಿರವೂ ಕೇಳುವುದನ್ನು ಬಿಟ್ಟಳು. ಗೈಡಿನ ಉತ್ತರ ಚೆನ್ನಾಗಿ ಒಪ್ಪಿಸಿದಳು, ಹತ್ತನೇ ಇಯತ್ತೆಯಲ್ಲಿ ಒಳ್ಳೆಯ ಅಂಕ ತೆಗೆದಳು, ಆಮೇಲೆ ಊರಲ್ಲೇ ಆರ್ಟ್ಸ್ ಸೇರಿದಳು. "ಸೈನ್ಸ್ ನನ್ನ ತಲೀಗಿ ಹತ್ತಂಗಿಲ್ಲ ಬಿಡ" ಎಂದಳು ನನಗೆ, ನಗುನಗುತ್ತಲೇ. ಉದಗೀರದ ಕಾಲೇಜಿಗೆ ಸೈನ್ಸ್ ಓದಲು ಹೋದವಳು ನಾನು. ನನ್ನ ಬುದ್ಧಿ ಅಷ್ಟಕ್ಕಷ್ಟೇ. ಆದರೆ ನನಗೆ ಮಾಳಿಗೆ ಇತ್ತು, ರೊಟ್ಟಿಯ ಹಬೆ ಇತ್ತು, ಕೇಳಿದ್ದಕ್ಕೆಲ್ಲ ಕನ್ನಡದಲ್ಲಿ ಹೇಳುವ ಅಪ್ಪ ಇದ್ದ. ಈಗ ಇಲ್ಲಿ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತೇನೆ. ಬಿಳಿ ಕೋಟು ತೊಡುವಾಗ ಬೇರೆಯವರದನ್ನು ಇಸಿದುಕೊಂಡು ತೊಟ್ಟ ಹಾಗೆ ಅನ್ನಿಸುವ ದಿನಗಳು ಇವೆ.

ನಿವೃತ್ತಿಯಾದ ಮೇಲೆ ಅಪ್ಪನಿಗೆ ಒಂದು ಹುಚ್ಚು ಹಿಡಿಯಿತು. ಓಣಿಯ ಮಕ್ಕಳಿಗೆ ಪುಕ್ಕಟೆಯಾಗಿ ವಿಜ್ಞಾನ ತೋರಿಸುತ್ತೇನೆ ಎಂದು. ಪುಸ್ತಕವಿಲ್ಲ, ಬೆತ್ತವಿಲ್ಲ, ಕನ್ನಡ ಮರಾಠಿ ಹೇಗೆ ಬಂದರೆ ಹಾಗೆ. ದೀಪಾವಳಿಯ ರಜೆಗೆ ನಾನು ಹೋದಾಗ ಮನೆಯ ಕಟ್ಟೆಯ ಮೇಲೆ ಚಾಪೆ ಹಾಸಿ, ಲಾತೂರಿನಿಂದ ತಂದ ಹೊಸ ಭೂತಗನ್ನಡಿ, ಅಯಸ್ಕಾಂತ, ಬಣ್ಣದ ಬಲೂನು ಎಲ್ಲ ಜೋಡಿಸಿಕೊಂಡು ಕೂತಿದ್ದ. ಮನೆ ಮನೆಗೆ ಹೋಗಿ ಹೇಳಿ ಬಂದಿದ್ದನಂತೆ. ಯಾರೂ ಬಂದಿರಲಿಲ್ಲ. "ರಜಾ ಅದಲ್ಲ, ಊರಿಗಿ ಹೋಗ್ಯಾರ" ಎಂದ ನನಗೆ. ಹುಡುಗರು ಎದುರಿಗೇ ಕ್ರಿಕೆಟ್ ಆಡುತ್ತಿದ್ದರು. ಆ ಹುಡುಗರ ಅಪ್ಪ ಅವ್ವಂದಿರೆಲ್ಲ ಅವನ ಹಳೆಯ ವಿದ್ಯಾರ್ಥಿಗಳು. ಅದನ್ನು ಅವನಿಗೆ ಹೇಗೆ ಹೇಳಲಿ?

ಅಷ್ಟರಲ್ಲಿ ಮಹಾನಂದಾ ಬಂದಳು. ಅವಳನ್ನು ಊರಲ್ಲೇ ಧಾನ್ಯದ ಅಡತಿ ವ್ಯಾಪಾರದವರ ಮನೆಗೆ ಕೊಟ್ಟಿದ್ದರು. ತವರಿಗೆ ಹೊರಟಿದ್ದಳು, ಜೊತೆಗೆ ಅವಳ ಮಗಳು. ಹುಡುಗಿ ಕಟ್ಟೆಯ ಹತ್ತಿರ ನಿಂತೇಬಿಟ್ಟಿತು, ಕಣ್ಣು ಭೂತಗನ್ನಡಿಯ ಮೇಲೆ. ಅಪ್ಪ ಅರಳಿಹೋದ. "ಬಾರವ್ವ ಮಹಾನಂದಾ. ಮಗಳಿಗಿ ನಾಳಿಂದ ಕಳಸು. ಏನ ಬೇಕಾದ್ದ ಕೇಳ್ಲಿ, ಎಲ್ಲಾ ಹೇಳ್ತಿನಿ."

ಮಹಾನಂದಾ ಸೆರಗು ತಲೆಯ ಮೇಲೆ ಎಳೆದುಕೊಂಡು ಕೈ ಮುಗಿದಳು. ಮುಖದಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. ಬೆಲೆ ಹೊಂದದ ಗಿರಾಕಿಗೆ ಹೇಳುವಷ್ಟೇ ಮೆತ್ತಗೆ ಹೇಳಿದಳು.

"ಇಕೀಗಿ ಸೈನ್ಸ್ ಅಂದ್ರ ಜೀವ ಅದರಿ ಸರ್. ಅದಕ್ಕೇ ಕಳಸಂಗಿಲ್ಲ."

ಮಗಳ ಕೈ ಹಿಡಿದು ನಡೆದಳು. ಹುಡುಗಿ ತಿರುತಿರುಗಿ ನೋಡುತ್ತಾ ಹೋಯಿತು. ನಾನು ಕಂಬಕ್ಕೆ ಆತು ನಿಂತಿದ್ದೆ, ಅಪ್ಪನ ಕಡೆ ನೋಡುವ ಧೈರ್ಯವಾಗಲಿಲ್ಲ. ಅವನು "ಖರೇ ಅದ" ಎಂದ, ನನಗಲ್ಲ, ಓಣಿಗೆ. ಆಮೇಲೆ ಚಾಪೆ ಸುತ್ತಿದ.

ಅವನು ತೀರಿಹೋದಾಗ ಬಹಳ ಜನ ಬಂದಿದ್ದರು. ಎಲ್ಲರೂ ಹೇಳಿದ್ದು ಒಂದೇ ಮಾತು, ಭಾಳ ಶಿಸ್ತಿನ ಮಾಸ್ತರ, ಅಂಥವರು ಈಗ ಎಲ್ಲಿದ್ದಾರೆ ಎಂದು. ನಾನು ತಲೆ ಬಗ್ಗಿಸಿ ಕೇಳಿಸಿಕೊಂಡೆ. ಅವರು ಯಾರಿಗೂ ಗೊತ್ತಿಲ್ಲದ ಸಂಗತಿ ನನಗೆ ಗೊತ್ತಿತ್ತು. ಆ ಊರಿನಲ್ಲಿ ನನ್ನಪ್ಪನಂಥ ವಿಜ್ಞಾನದ ಮಾಸ್ತರ ಇನ್ನೊಬ್ಬನಿರಲಿಲ್ಲ. ಅಷ್ಟು ವರ್ಷದ ನೌಕರಿಯಲ್ಲಿ ಅವನ ಕೈಯಲ್ಲಿ ಕಲಿತವಳು ನಾನೊಬ್ಬಳೇ.