ಕರಿ ಉಣ್ಣೆಯ ಕಂಕಣ

ಶಿರೂರಿನ ಅಮಸಿದ್ದಪ್ಪ ಹನ್ನೊಂದು ವರ್ಷ ಊರ ಸೀಮೆ ದಾಟಲಿಲ್ಲ. ಕಾಲಿಗೆ ರೋಗವಿರಲಿಲ್ಲ, ಪೊಲೀಸರ ಭಯವೂ ಇರಲಿಲ್ಲ. ದಿನಾ ಸಂಜೆ ಬಾಗಲಕೋಟೆ ರಸ್ತೆಯ ಸೀಮೆಕಲ್ಲಿನ ತನಕ ನಡೆದು ಹೋಗುತ್ತಿದ್ದ, ಬಸ್ಸು ಧೂಳೆಬ್ಬಿಸಿ ಹೋಗುವುದನ್ನು ನೋಡುತ್ತಿದ್ದ, ತಿರುಗಿ ಬರುತ್ತಿದ್ದ. ಪರವೂರಿನವರು ಯಾಕೆ ಎಂದು ಕೇಳಿದರೆ ಬಲಗೈ ಚಾಚಿ ತೋರಿಸುತ್ತಿದ್ದ. ಮಣಿಕಟ್ಟಿನಲ್ಲಿ ಕರಿ ಉಣ್ಣೆಯ ಒಂದು ಕಂಕಣ, ಅದರಲ್ಲಿ ಒಂದು ಅರಿಷಿಣದ ಕೊಂಬು. ಇಷ್ಟಕ್ಕೆ ಇಷ್ಟು ದೊಡ್ಡ ಮನುಷ್ಯ ಹೆದರುತ್ತಾನೆಯೇ ಎಂದು ನಕ್ಕವರೂ ಇದ್ದರು. ನಗುವುದಕ್ಕೇನು, ಕೈ ಅವರದಲ್ಲವಲ್ಲ.

ಅಮಸಿದ್ದಪ್ಪನದು ಕುರಿ ಕಾಯುವ ಮನೆತನ, ಕುರುಬರ ದೇವರು ಬೀರಪ್ಪನ ಒಕ್ಕಲು. ಸುಗ್ಗಿ ಮುಗಿದದ್ದೇ ತಡ, ತಮ್ಮ ಹನಮಂತಪ್ಪನ ಜೊತೆ ಹಿಂಡು ಹೊಡೆದುಕೊಂಡು ಕೂಡಲಸಂಗಮದ ಕಡೆ, ಕೃಷ್ಣೆಯ ದಂಡೆಗೆ ಹೊರಟುಬಿಡುತ್ತಿದ್ದ. ಮತ್ತೆ ಊರ ಮುಖ ನೋಡುವುದು ಮಳೆ ಬಿದ್ದ ಮೇಲೆ. ಒಂದು ಜಾಗದಲ್ಲಿ ಎರಡು ತಿಂಗಳು ಕೂತರೆ ಮೈ ಜಡ್ಡುಗಟ್ಟುವ ಆಸಾಮಿ. ಕುರಿಯಲ್ಲದೆ ಅಪ್ಪ ಮುತ್ತಪ್ಪನಿಂದ ಅವನಿಗೆ ಇನ್ನೊಂದು ಬಳುವಳಿ ಬಂದಿತ್ತು. ಅದು ಬೀರಪ್ಪನ ಕತೆ. ಕೊರಳಿಗೆ ಡೊಳ್ಳು ಹಾಕಿ ಹಾಡಲು ನಿಂತರೆ ಪೂರಾ ಐದು ದಿನದ ಕತೆ.

ಆ ಕತೆಗೆ ಅವರ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಕತೆ ಹಾಡಿಸುವವನು ಮೊದಲ ದಿನ ಹಾಡುಗಾರನ ಕೈಗೆ ಕರಿ ಉಣ್ಣೆಯ ಕಂಕಣ ಕಟ್ಟಬೇಕು. ಐದನೆಯ ದಿನ ಮಂಗಳ ಹಾಡಿದ ಮೇಲೆ ಅವನೇ ಬಿಚ್ಚಬೇಕು. ಆ ಗಂಟಿಗೆ ಬೇರೆಯವರ ಕೈ ತಾಗಕೂಡದು. ಬಿಚ್ಚುವ ತನಕ ಹಾಡುಗಾರ ಊರ ಸೀಮೆ ದಾಟುವಂತಿಲ್ಲ, ಬೇರೆ ಹಾಡು ಎತ್ತುವಂತಿಲ್ಲ. ಅಮಸಿದ್ದಪ್ಪನ ಅಜ್ಜ ಒಮ್ಮೆ ಕಂಕಣದ ಕೈಯಲ್ಲೇ ಹುನಗುಂದಕ್ಕೆ ಒಂದು ಮದುವೆ ಉಣ್ಣಲು ಹೋಗಿದ್ದನಂತೆ, ಆ ಮಳೆಗಾಲದಲ್ಲಿ ಅರ್ಧ ಹಿಂಡು ಕಾಲು ಮಡಚಿತಂತೆ. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಎಪ್ಪತ್ತಮೂರನೆಯ ಇಸವಿ, ಎಳ್ಳಮಾಸಿ ಹಬ್ಬ ಆದ ಮೇಲೆ ಬಾದಾಮಿಯಿಂದ ಒಂದು ಜೀಪು ಬಂತು. ಇಳಿದವರು ಇಬ್ಬರು. ಒಬ್ಬರು ಪಂಢರೀನಾಥ ಮಾಸ್ತರು, ಬಾಗಲಕೋಟೆಯ ಕಾಲೇಜೊಂದರಲ್ಲಿ ಇಂಗ್ಲಿಷ್ ಹೇಳಿಕೊಡುವವರು, ನಾಲ್ಕು ತಲೆಮಾರು ಸಂಸ್ಕೃತ ಕಲಿಸಿದ ಮನೆಯವರು. ಇನ್ನೊಬ್ಬ ಬಿಸಿಲಿಗೆ ಕೆಂಪಗೆ ಸುಟ್ಟ ಉದ್ದನೆಯ ಮುದುಕ, ಯೋಹಾನ ಸಾಹೇಬ. ಸ್ವೀಡನ್ ಎಂಬ ಹಿಮದ ದೇಶದ ವಿದ್ವಾಂಸ. ಅವನು ಕಲಿಸುವ ವಿಶ್ವವಿದ್ಯಾಲಯಕ್ಕೆ ಐನೂರು ವರ್ಷವಾಗುತ್ತ ಬಂದಿದೆ, ಅಲ್ಲಿಯ ಪಡಸಾಲೆಯ ಗೋಡೆಯ ತುಂಬ ಸತ್ತ ಪಂಡಿತರ ಪಟಗಳಿವೆ, ಹಳೆಯ ಕಾಲದಲ್ಲಿ ಕರುವಿನ ಚರ್ಮದ ಮೇಲೆ ಬರೆದಿಟ್ಟ ಒಂದು ಕತೆಯನ್ನು ಓದುತ್ತ ಒಬ್ಬೊಬ್ಬ ತನ್ನ ಇಡೀ ಆಯುಷ್ಯ ಕಳೆದಿದ್ದಾನೆ, ಬರೆದಿಡದ ಕತೆ ಬಾಯಲ್ಲಿ ಹೇಗೆ ಉಳಿಯುತ್ತದೆಂದು ನೋಡಲು ಸಾಹೇಬರು ಬಂದಿದ್ದಾರೆ ಎಂದೆಲ್ಲ ಮಾಸ್ತರು ಹೇಳಿದರು. ಹೇಳುವಾಗ ಅವರ ಕಣ್ಣು ಹೊಳೆಯುತ್ತಿತ್ತು. ತಾವೇ ಆ ಪಡಸಾಲೆಯಲ್ಲಿ ಒಮ್ಮೆ ಅಡ್ಡಾಡಿ ಬಂದವರ ಹಾಗೆ ಮಾತಾಡಿದರು, ಪಾಪ, ಮುಂಬೈ ದಾಟಿದವರಲ್ಲ. ಅಮಸಿದ್ದಪ್ಪನಿಗೆ ತಿಳಿದದ್ದು ಒಂದೇ. ಅವರದೂ ಚರ್ಮದ ಮೇಲಿನ ಕತೆ, ತನ್ನ ಡೊಳ್ಳಿನದೂ ಚರ್ಮದ ಮೇಲಿನ ಕತೆ. ಸಾಹೇಬನ ಮೇಲೆ ಅವನಿಗೆ ವಿಶ್ವಾಸ ಹುಟ್ಟಿತು.

ಕಂಕಣ ಕಟ್ಟಿಸಿಕೊಳ್ಳುವ ಮೊದಲು ಅವನು ಕಟ್ಟಳೆಯನ್ನು ಒಂದೂ ಬಿಡದೆ ಹೇಳಿದ, ಅಜ್ಜನ ಕುರಿ ಸತ್ತದ್ದನ್ನೂ ಹೇಳಿದ. ಮಾಸ್ತರು ತಲೆಯಾಡಿಸಿ ಸಾಹೇಬನ ಕಡೆ ತಿರುಗಿದರು. ಅಮಸಿದ್ದಪ್ಪ ಮಾರುದ್ದ ಹೇಳಿದ್ದು ಇಂಗ್ಲಿಷಿನಲ್ಲಿ ಗೇಣುದ್ದವಾಯಿತು. ಆ ಭಾಷೆಯೇ ಹಾಗಿರಬೇಕು ಎಂದುಕೊಂಡು ಅವನು ಕೈ ಚಾಚಿದ. ಸಾಹೇಬ ನಕ್ಕು, ಹಲ್ಲಿನಲ್ಲಿ ದಾರ ಹಿಡಿದು, ಎರಡು ಗಂಟು ಬಿಗಿದ.

ಸಾಹೇಬ ಒಳ್ಳೆಯ ಕೇಳುಗ, ಅದನ್ನು ಅಲ್ಲಗಳೆಯುವಂತಿಲ್ಲ. ತಿಳಿಯದ ಭಾಷೆಯ ಹಾಡಿಗೆ ತಿಳಿದವರಿಗಿಂತ ಹೆಚ್ಚು ಕಿವಿಗೊಟ್ಟ. ಎರಡನೆಯ ದಿನ ಮಧ್ಯಾಹ್ನ, ರೊಟ್ಟಿ ಉಂಡು ಬೇವಿನ ಗಿಡದ ಕೆಳಗೆ ಕೂತಾಗ, ತಾನೂ ಒಂದು ಕತೆ ಕೊಡುತ್ತೇನೆಂದ. ಮಾಸ್ತರು ಅದನ್ನು ಕನ್ನಡಕ್ಕೆ ತಂದರು. ಅವರ ಹಿಮದ ನಾಡಿನ ದೇವರುಗಳು ಒಂದು ತೋಳದ ಮರಿ ಸಾಕಿದ್ದರಂತೆ. ಅದು ಬೆಳೆದು ಬೆಳೆದು ದೇವರಿಗೇ ಭಯ ಹುಟ್ಟಿಸಿತು. ಕಬ್ಬಿಣದ ಸರಪಳಿ ಹಾಕಿದರೆ ಹರಿಯಿತು, ಇನ್ನೂ ದಪ್ಪದ್ದು ಹಾಕಿದರೆ ಅದನ್ನೂ ಹರಿಯಿತು. ಕಡೆಗೆ ಬೆಕ್ಕಿನ ಹೆಜ್ಜೆಯ ಸಪ್ಪಳ, ಹೆಂಗಸಿನ ಗಡ್ಡ, ಮೀನಿನ ಉಸಿರು, ಇಂಥ ಇಲ್ಲದ್ದನ್ನೆಲ್ಲ ಕೂಡಿಸಿ ಇಳಕಲ್ಲ ಸೀರೆಯ ರೇಷ್ಮೆಯಷ್ಟು ಮೆತ್ತಗಿನ ಒಂದು ಪಟ್ಟಿ ನೇಯಿಸಿದರು. ತೋಳಕ್ಕೆ ಸಂಶಯ ಬಂತು. ಮೋಸವಿಲ್ಲದಿದ್ದರೆ ನಿಮ್ಮಲ್ಲೊಬ್ಬ ನನ್ನ ಬಾಯಲ್ಲಿ ಕೈ ಇಡಲಿ ಎಂದಿತು. ಮೋಸವೆಂದು ಗೊತ್ತಿದ್ದೂ ಒಬ್ಬ ದೇವರು ಇಟ್ಟ. ಪಟ್ಟಿ ಹರಿಯಲಿಲ್ಲ. ತೋಳ ಸಿಕ್ಕಿಬಿತ್ತು, ದೇವರ ಕೈ ಹೋಯಿತು.

ಅಮಸಿದ್ದಪ್ಪ ಹೊಟ್ಟೆ ಹಿಡಿದು ನಕ್ಕ. ತೋಳದ ಮರಿ ಸಾಕುವ ದೇವರು ಒಂದು ಕುರಿ ಕಾದವರಲ್ಲ ಎಂದ. ಆಮೇಲೆ ತೋಳ ಏನಾಯಿತೆಂದು ಕೇಳಿದರೆ, ನಿನ್ನ ಕತೆ ಮುಗಿದ ದಿನ ಹೇಳುತ್ತೇನೆ ಎಂದ ಸಾಹೇಬ.

ಮೂರನೆಯ ದಿನ ಕತೆ ತೊಟ್ಟಿಲಿಗೆ ಬಂದು ನಿಂತಿತ್ತು. ಕೂಸು ಬೀರಪ್ಪನನ್ನು ಅಡವಿಗೆ ಒಯ್ದು, ಗಿಡದ ಟೊಂಗೆಗೆ ತೊಟ್ಟಿಲು ಕಟ್ಟಿ, ಬಿಟ್ಟು ಬಂದಿದ್ದಾರೆ. ಕೂಸು ಅಳುತ್ತಿದೆ. ಎತ್ತಿಕೊಳ್ಳಬೇಕಾದ ಅಕ್ಕ ಮಾಯವ್ವ ಇನ್ನೂ ಬಂದಿಲ್ಲ. ಅಷ್ಟರಲ್ಲಿ ಜೀಪಿನ ಡ್ರೈವರ್ ಖಾದರಬಾಷಾ ಬಾದಾಮಿಯಿಂದ ತಂತಿ ಹಿಡಿದುಕೊಂಡು ಓಡಿ ಬಂದ. ಸಾಹೇಬನ ಹೆಂಡತಿ ಜೀವ ಹೋಗುವ ಸ್ಥಿತಿಯಲ್ಲಿದ್ದಳು. ಸಾಹೇಬ ಅಮಸಿದ್ದಪ್ಪನ ಎರಡೂ ಕೈ ಹಿಡಿದು ಏನೋ ಅಂದ. ತಿರುಗಿ ಬರುತ್ತಾರಂತೆ ಎಂದರು ಮಾಸ್ತರು. ಜೀಪು ಸ್ಟೇಷನ್ನಿನ ದಾರಿ ಹಿಡಿಯಿತು. ಕೈ ಮುಂದೆ ಚಾಚಿಕೊಂಡು ಅದರ ಹಿಂದೆ ಓಡಿದ ಅಮಸಿದ್ದಪ್ಪ ಸೀಮೆಕಲ್ಲಿನ ಹತ್ತಿರ ನಿಂತುಬಿಟ್ಟ.

ಆ ವರ್ಷ ಹಿಂಡು ಹನಮಂತಪ್ಪನ ಜೊತೆ ಹೋಯಿತು. ಮರುವರ್ಷವೂ ಹಾಗೇ. ಅಮಸಿದ್ದಪ್ಪ ಮನೆಯಲ್ಲಿ ಕುಣಿಮಗ್ಗಕ್ಕೆ ಇಳಿದ, ಹುಣಸೆಬೀಜದ ಸರಿ ಹಚ್ಚಿ ಕಂಬಳಿ ನೇಯತೊಡಗಿದ. ಗುಡ್ಡ ಸುತ್ತುವ ಮನುಷ್ಯ ಸೊಂಟದ ತನಕ ನೆಲದೊಳಗೆ. ಡೊಳ್ಳು ಗೋಡೆಗೆ ನೇತುಬಿತ್ತು, ಇಲಿಗಳು ಅದರ ಹಗ್ಗ ಕಡಿದವು. ಗುಡಿಯಲ್ಲಿ ಬೇರೆಯವರು ಹಾಡಿದರು, ಇವನು ಕಂಬಕ್ಕೊರಗಿ ಕೇಳಿದ. ಯಾರ ಮನೆಯ ಕೂಸು ಅತ್ತರೂ ಇವನ ಕೈಯಲ್ಲಿನ ಲಾಳಿ ನಿಲ್ಲುತ್ತಿತ್ತು. ಬೀರಪ್ಪ ಇನ್ನೂ ಆ ಟೊಂಗೆಯಲ್ಲೇ ತೂಗುತ್ತಿದ್ದಾನೆ, ತೂಗಬಿಟ್ಟವನು ತಾನು ಎಂಬ ಸಂಕಟ ಅವನ ಎದೆಯಲ್ಲಿ ಮುಳ್ಳು ಮುರಿದಂತೆ ಕೂತಿತ್ತು.

ಪೂಜಾರಿ ದುರಗಪ್ಪ, ದೇವರ ಮುಂದೆ ಕಾಯಿ ಒಡೆದು ಬಿಚ್ಚಿಬಿಡೋಣ ಎಂದು ಎರಡು ಸಲ ಹೇಳಿದ. ಅಮಸಿದ್ದಪ್ಪ ಒಪ್ಪಲಿಲ್ಲ. ಸಾಹೇಬ ಸುಳ್ಳುಗಾರನಲ್ಲ, ಹೆಂಡತಿಯ ಸಲುವಾಗಿ ಹೋದವನು, ಬರುತ್ತಾನೆ. ಪಂಢರೀನಾಥ ಮಾಸ್ತರು ಪ್ರತಿ ವರ್ಷ ಯುಗಾದಿಯ ಆಸುಪಾಸಿಗೆ ಬಂದು ಅದನ್ನೇ ಹೇಳುತ್ತಿದ್ದರು. ಕಾಗದ ಬರೆದಿದ್ದೇನೆ, ಮುಂದಿನ ಸಲ ಬರಬಹುದು. ತೋಳದ ಕತೆಯ ಕೊನೆಯನ್ನು ಮಾಸ್ತರರಿಂದ ಕೇಳಬಹುದಿತ್ತು. ಅಮಸಿದ್ದಪ್ಪ ಕೇಳಲಿಲ್ಲ. ಅದು ಸಾಹೇಬನ ಬಾಯಿಂದಲೇ ಬರಬೇಕಾದದ್ದು.

ಉಣ್ಣೆಯ ದಾರ ಸವೆಯುತ್ತದಲ್ಲ. ತಾನಾಗಿ ಹರಿದು ಬಿದ್ದರೆ ಅಪಶಕುನ. ಅದಕ್ಕೆ ಹೆಂಡತಿ ಸತ್ಯವ್ವ ವರ್ಷಕ್ಕೊಮ್ಮೆ, ಯುಗಾದಿಯ ಮುನ್ನಾದಿನ, ಹೊಸ ಎಳೆಯೊಂದನ್ನು ನೂತು ಹಳೆಯದರ ಮೇಲೆ ಸುತ್ತಿ ಗಂಟು ಹಾಕುತ್ತಿದ್ದಳು. ಮೂಲ ಗಂಟನ್ನು ಮುಟ್ಟುತ್ತಿರಲಿಲ್ಲ. ಗಂಡನನ್ನು ತನ್ನ ಕೈಯಾರೆ ಮತ್ತೆ ಮತ್ತೆ ಕಟ್ಟಿಹಾಕಿದೆನಲ್ಲ ಎಂದು ಅವಳಿಗೆ ಅನ್ನಿಸಿತ್ತೋ ಏನೋ, ಬಾಯಿ ಬಿಟ್ಟು ಹೇಳಿದವಳಲ್ಲ.

ಎಂಬತ್ತರ ಬೇಸಿಗೆಯಲ್ಲಿ ಸತ್ಯವ್ವನಿಗೆ ಹೊಟ್ಟೆನೋವು ಹತ್ತಿತು. ಮನೆಮದ್ದಿಗೆ ಬಗ್ಗಲಿಲ್ಲ. ಸುದ್ದಿ ತಿಳಿದು ಹಿಂಡು ಬಿಟ್ಟು ಬಂದ ಹನಮಂತಪ್ಪ ಚಕ್ಕಡಿ ಹೂಡಿ ಅವಳನ್ನು ಬಾಗಲಕೋಟೆಯ ದವಾಖಾನೆಗೆ ಹೊರಡಿಸಿದ. ಅಮಸಿದ್ದಪ್ಪ ಚಕ್ಕಡಿಯ ಗೂಟ ಹಿಡಿದುಕೊಂಡು ಸೀಮೆಕಲ್ಲಿನ ತನಕ ನಡೆದ.

"ನೀವು ಇಲ್ಲೇ ನಿಲ್ರಿ," ಎಂದಳು ಸತ್ಯವ್ವ. "ನಾ ಎರಡ ದಿನದಾಗ ಬರ್ತೇನಿ."

ಅವಳು ನಾಲ್ಕನೆಯ ದಿನ ಬಂದಳು, ಅದೇ ಚಕ್ಕಡಿಯಲ್ಲಿ, ಮುಖಕ್ಕೆ ಸೆರಗು ಮುಚ್ಚಿಸಿಕೊಂಡು. ನಾಲ್ಕು ದಿನವೂ ಅಮಸಿದ್ದಪ್ಪ ಆ ಕಲ್ಲಿನ ಮೇಲೇ ಕೂತಿದ್ದ. ಹುನಗುಂದಕ್ಕೆ ಕೊಟ್ಟ ಮಗಳು ಲಗಮವ್ವ ಅಳುತ್ತ ಬಂದು ಅಪ್ಪನ ಕೈ ನೋಡಿ ಮುಖ ತಿರುಗಿಸಿಕೊಂಡಳು. ಹನಮಂತಪ್ಪ ಒಂದೇ ಮಾತು ಹೇಳಿದ, "ಆಕಿ ದವಾಖಾನಿ ಬಾಗಲ ಕಡೇನ ನೋಡ್ಕೊಂತ ಹ್ವಾದ್ಲೋ ಅಣ್ಣಾ." ಹೇಳಬಾರದಿತ್ತು. ಆದರೆ ಕಂಡದ್ದನ್ನು ನುಂಗಿಕೊಳ್ಳುವುದು ಅವನಿಗೂ ಆಗಲಿಲ್ಲ. ಅಲ್ಲಿಂದ ಮುಂದೆ ಯುಗಾದಿಯ ಎಳೆಯನ್ನು ಅಮಸಿದ್ದಪ್ಪ ತಾನೇ ಎಡಗೈಯಲ್ಲಿ ಸುತ್ತಿ, ಹಲ್ಲಿನಲ್ಲಿ ಎಳೆದು ಗಂಟು ಹಾಕಿಕೊಳ್ಳತೊಡಗಿದ.

ಎಂಬತ್ತನಾಲ್ಕರ ಯುಗಾದಿಯ ಮುನ್ನಾದಿನ ಮಾಸ್ತರು ಬಂದರು. ಕೂದಲು ಹಣ್ಣಾಗಿತ್ತು. ಮಗ್ಗದ ಕುಣಿಯ ಅಂಚಿಗೆ ಕೂತು, ಕೈಯಲ್ಲಿದ್ದ ವಿದೇಶಿ ಲಕೋಟೆಯನ್ನು ಮಡಚುತ್ತ ಬಿಚ್ಚುತ್ತ, ಸಾಹೇಬರು ತೀರಿಹೋದರು ಎಂದರು. ಅವರ ಶಿಷ್ಯನೊಬ್ಬ ಕಾಗದ ಬರೆದಿದ್ದ. ಸಾಹೇಬರ ಟಿಪ್ಪಣಿ ಪುಸ್ತಕಗಳನ್ನು ಅಲ್ಲಿಯ ಗ್ರಂಥಾಲಯಕ್ಕೆ ಒಪ್ಪಿಸುತ್ತಿದ್ದಾರೆ, ಅದರಲ್ಲಿ ಹಾಡುಗಾರನಿಗೆ ಕರಿ ದಾರ ಕಟ್ಟಿದೆ, ಅದು ಅವರ ಕಡೆಯ ಮರ್ಯಾದೆಯಂತೆ ಎಂದು ಬರೆದಿದೆ, ಆ ದಾರದ ಅರ್ಥವೇನು ಎಂದು ಶಿಷ್ಯ ಕೇಳಿದ್ದ.

ಅಮಸಿದ್ದಪ್ಪನ ಲಾಳಿ ನಿಂತಿತು. ಮರ್ಯಾದೆಯಂತೆ ಎಂಬ ಮಾತು ಅವನಿಗೆ ಅರ್ಥವಾಗಲಿಲ್ಲ.

"ಬಿಚ್ಚೋ ಮಾತು ನಾ ಅವರಿಗೆ ಹೇಳಲೇ ಇಲ್ಲ, ಅಮಸಿದ್ದಪ್ಪ," ಎಂದರು ಮಾಸ್ತರು. "ಹಳ್ಳಿ ಮಂದಿ ನಂಬಿಕಿ, ಅಷ್ಟೆಲ್ಲ ಯಾಕ ಅಂತ ನುಂಗಿಬಿಟ್ಟೆ. ಹಾಡೋನಿಗೆ ಮಾಡೋ ಮರ್ಯಾದಿ, ಕಟ್ಟರಿ ಅಂದೆ."

ಕಾಗದ ಬರೆದದ್ದು ಸುಳ್ಳಲ್ಲ, ಹನ್ನೆರಡು ಬರೆದಿದ್ದರು. ಯಾವುದರಲ್ಲೂ ಇದನ್ನು ಬರೆಯಲಿಲ್ಲ. ಆ ಹಳೆಯ ವಿಶ್ವವಿದ್ಯಾಲಯಕ್ಕೆ ಓದಲು ಹೋಗುವ ಆಸೆ ಅವರಿಗಿತ್ತು, ಸಾಹೇಬರ ಒಂದು ಶಿಫಾರಸು ಬೇಕಿತ್ತು. ದುಭಾಷಿಯ ಕೆಲಸದಲ್ಲೇ ಅರ್ಧ ನುಂಗಿದವನು ಎಂದು ಗೊತ್ತಾದರೆ ಯಾರು ಕರೆಯುತ್ತಾರೆ? ವರ್ಷ ವರ್ಷ ಮುಂದೂಡಿದರು. ಕರೆ ಬರಲಿಲ್ಲ, ವಯಸ್ಸು ಮೀರಿತು. ಕಡೆಗೆ ಸತ್ಯವ್ವ ಸತ್ತ ಮೇಲೆ ಬಾಯಿ ಬಿಡುವುದೇ ಆಗಲಿಲ್ಲ. ಮಾರುದ್ದದ ಕಟ್ಟಳೆಯನ್ನು ಗೇಣುದ್ದ ಮಾಡಿದವರು ಹನ್ನೊಂದು ವರ್ಷ ಅದರ ಕೆಳಗೆ ತಾವೂ ಸಿಕ್ಕಿಕೊಂಡಿದ್ದರು. ಅವರ ಮೇಲೆ ಸಿಟ್ಟು ಬರುತ್ತದೆ, ಬರಬೇಕಾದದ್ದೇ. ಆದರೆ ಹೇಳಲು ಬಂದರಲ್ಲ, ಅದನ್ನೂ ನೆನೆಯಬೇಕು.

"ಗೊತ್ತಿದ್ದು ಯಾರೂ ಕಟ್ಟಿದ್ದಲ್ಲ ಇದು," ಎಂದರು. "ಅಂದಮ್ಯಾಲೆ ಇದು ಕಂಕಣನ ಅಲ್ಲ. ಕೈ ಕೊಡು, ನಾ ಬಿಚ್ಚತೇನಿ."

ಅಮಸಿದ್ದಪ್ಪ ಕೈ ಕೊಡಲಿಲ್ಲ.  

"ಆಕಿ ನಾಕ ದಿನ ಬಾಗಲ ನೋಡಿದ್ಲ್ರಿ," ಎಂದ. ಧ್ವನಿ ಏರಲಿಲ್ಲ. "ನಾ ನಾಕ ದಿನ ಕಲ್ಲ ಮ್ಯಾಲೆ ಕುಂತಿದ್ದೆ. ಇದು ಕಂಕಣ ಅಲ್ಲಂದ್ರ, ನಾ ಯಾತಕ್ಕ ಕುಂತಿದ್ದೆ ಅಂತ ಆಕಿಗೆ ಹೇಳ್ಲಿ?"

 ಮಾಸ್ತರರ ಕಣ್ಣೀರು ಮೂಗಿನ ತುದಿಗೆ ಬಂದು ಲಕೋಟೆಯ ಮೇಲೆ ಬಿತ್ತು. ಅದನ್ನು ನೋಡಿ ಅಮಸಿದ್ದಪ್ಪನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. 

"ಆ ತೋಳ ಏನಾತ್ರಿ?" ಎಂದು ಕೇಳಿದ.

ಲೋಕ ಮುಳುಗುವ ದಿನ ಅದು ಕಟ್ಟು ಹರಿದುಕೊಂಡು ಏಳುತ್ತದಂತೆ, ದೇವರುಗಳ ಮೇಲೇ ಬೀಳುತ್ತದಂತೆ ಎಂದು ಮಾಸ್ತರು ಹೇಳಿದರು. ಅಲ್ಲಿಯ ತನಕ ಎಂದು ಕೇಳಿದ್ದಕ್ಕೆ, ಕಟ್ಟಿನಲ್ಲೇ ಇರುತ್ತದೆ ಎಂದರು.

ಅಮಸಿದ್ದಪ್ಪ ತಲೆಯಾಡಿಸಿದ. ಒಂದು ಕಾಲದಲ್ಲಿ ಹೊಟ್ಟೆ ಹಿಡಿದು ನಕ್ಕಿದ್ದ ಕತೆ ಇದು. ತೋಳದ ಮೇಲೆ ಕುರುಬನಿಗೆ ಕನಿಕರ ಹುಟ್ಟುವ ದಿನ ಬರುತ್ತದೆಂದು ಅವನು ಅಂದುಕೊಂಡಿರಲಿಲ್ಲ. ಮಗ್ಗದ ಗೂಟಕ್ಕೆ ಸಿಕ್ಕಿಸಿಟ್ಟಿದ್ದ ಹೊಸ ಕರಿ ಎಳೆಯನ್ನು ಎಡಗೈಯಿಂದ ತೆಗೆದು ಮಾಸ್ತರರ ತೊಡೆಯ ಮೇಲೆ ಇಟ್ಟ. ಬಲಗೈಯನ್ನು ಅವರ ಮುಂದೆ ಚಾಚಿದ.

"ನಾಳಿ ಯುಗಾದಿ," ಎಂದ. "ಆಕಿ ಇದ್ದಾಗ ಆಕೀನ ಹಾಕ್ತಿದ್ಲು. ಒಂದ ಕೈಲೆ ಗಂಟು ಗಟ್ಟಿ ಕೂಡೂದಿಲ್ರಿ. ನೀವು ಹಾಕ್ರಿ."

ಮಾಸ್ತರು ಬೇಡವೆಂಬಂತೆ ಕೈ ಹಿಂದಕ್ಕೆ ಎಳೆದುಕೊಂಡರು. ಅಮಸಿದ್ದಪ್ಪನ ಕೈ ಚಾಚಿದ್ದು ಚಾಚಿದಂತೆಯೇ ಇತ್ತು.

"ಆ ದೇವರು ತೋಳದ ಬಾಯಾಗ ಗೊತ್ತಿದ್ದು ಕೈ ಇಟ್ಟಾನ್ರಿ," ಎಂದ ಅವನು. "ಈ ಸಲ ನೀವೂ ಗೊತ್ತಿದ್ದು ಕಟ್ರಿ."

ಪಂಢರೀನಾಥ ಮಾಸ್ತರು ಎಳೆಯನ್ನು ಎತ್ತಿಕೊಂಡರು. ಮೊದಲ ಗಂಟು ಜಾರಿತು, ಎರಡನೆಯದು ಕೂತಿತು. ಅಮಸಿದ್ದಪ್ಪ ಅದನ್ನು ಒಮ್ಮೆ ಜಗ್ಗಿ ನೋಡಿ, ಗಟ್ಟಿ ಇದೆ ಎಂದು ತಿಳಿದ ಮೇಲೆ, ಮಗ್ಗದ ಕಡೆ ತಿರುಗಿ ಲಾಳಿ ಎತ್ತಿಕೊಂಡ.