ಕನ್ನಡಕದೊಳಗೆ ಹೊಕ್ಕ ಲಗ್ನಪತ್ರಿಕೆ

ಗೆಳೆಯರೇ, ಇವತ್ತು ತಿಪಟೂರಿನ ನನ್ನ ಡಿಟಿಪಿ ಅಂಗಡೀಲಿ ದೇವರಿಗೇ ಅವಮಾನ ಆಯ್ತು.

ಕಣ್ಣಿಗೆ ಹಾಕ್ಕೊಂಡು ಸಿನಿಮಾ ನೋಡೋ ಕನ್ನಡಕ ಒಂದನ್ನ ಕಂಪ್ಯೂಟರಿಗೆ ಚುಚ್ಚಿದೆ. ಅದರ ಡ್ರೈವರ್ ಸಾಫ್ಟ್‌ವೇರ್ ಹಾಕಿದ್ದೇ ತಡ, ಕಂಪ್ಯೂಟರು ಕನ್ನಡಕವನ್ನೇ ಒಂದನೇ ಮಾನಿಟರ್ ಮಾಡ್ಕೊಂತು. ಕಾಣೋದೆಲ್ಲ ಕನ್ನಡಕದೊಳಗೇ, ನನ್ನ ಹಳೇ ಮಾನಿಟರ್ ಪೂರ್ತಿ ಕಪ್ಪು. ಕನ್ನಡಕದ ವೈರ್ ಕಿತ್ತರೆ, ಸೇವ್ ಮಾಡದೆ ತೆರೆದಿದ್ದ ಲಗ್ನಪತ್ರಿಕೆಯೂ ಹೋದೀತು ಅಂತ ಭಯ.

ಅಷ್ಟರಲ್ಲಿ ಆ ಪತ್ರಿಕೆಯವರೇ ಬಂದರು, ದಬ್ಬೇಘಟ್ಟದ ಅಣ್ಣತಮ್ಮಂದಿರು. ಮದುವೆ ಹುಡುಗಿಯ ತಂದೆಯಾದ ಅಣ್ಣ ಕನ್ನಡಕ ಹಾಕ್ಕೊಂಡು, ಗೋಡೆ ಕಡೆ ತಿರುಗಿ, "ಚೆನ್ನಾಗೈತೆ, ಪ್ರಿಂಟ್ ಹಾಕಪ್ಪ" ಅಂದರು.

ಏನೂ ಕಾಣದ ಚಿಕ್ಕಪ್ಪನಿಗೆ ಅನುಮಾನ ಬಂತು. "ನೀನೊಬ್ನೇ ನೋಡಿದ್ರೆ ಆಯ್ತಾ? ನನ್ನೆಸ್ರು ಎಲ್ಲೈತೆ?" ಅಂತ ಕಿತ್ಕೊಂಡು ನೋಡಿದರೆ, ಸುಖಾಗಮನ ಬಯಸುವವರಲ್ಲಿ ಕಟ್ಟಕಡೆಗಿತ್ತು. "ನಾನ್ ಮದ್ವೇಗೆ ಬರಾಕಿಲ್ಲ ಬುಡು!"

"ಕನ್ನಡಕ ಕೊಡಿ, ಮೇಲಕ್ಕೆ ಹಾಕ್ತೀನಿ" ಅಂದೆ.

"ಊಹ್ಞೂಂ. ನಾನ್ ನೋಡ್ತಿರ್ತೀನಿ, ನೀವ್ ಎಳೀರಿ."

ಕಪ್ಪು ಪರದೆ ಎದುರು ಕುರುಡನ ಹಂಗೆ ಮೌಸ್ ಎಳೆದೆ. "ಇನ್ನೂ ಮೇಲೆ... ಇನ್ನೂ ಮೇಲೆ ಕಣ್ರೀ... ಹಾಂ, ಈಗ ಸರಿಹೋಯ್ತು."

ಪ್ರಿಂಟ್ ತೆಗೆದರೆ ಚಿಕ್ಕಪ್ಪನ ಹೆಸರು ಮನೆದೇವರ ಹೆಸರಿಗಿಂತ ಮೇಲೆ ಕೂತಿದೆ. ಅಣ್ಣ ತಲೆ ಚಚ್ಚಿಕೊಂಡರೂ ತಮ್ಮ ಹೆಸರು ಕೆಳಗಿಳಿಸೋಕೆ ಒಪ್ಪಲಿಲ್ಲ. ಪಾಪ, ಒಂದನೇ ಜಾಗ ಕಳ್ಕೊಂಡ ದೇವರಿಗೂ ನನ್ನ ಮಾನಿಟರಿನ ಗತಿಯೇ ಬಂತು.